ಕೀಗೊಂಚಲಿನ ಭಾರ

ಹೊಳಲ್ಕೆರೆ ಕಡೆಯ ಅಡಿಕೆ ಬೆಳೆಗಾರರ ಕಾರು ಹತ್ತಿದರೆ ನನ್ನ ಕಣ್ಣು ಮೊದಲು ಹೋಗುವುದು ಸ್ಟೇರಿಂಗ್ ಪಕ್ಕ ನೇತಾಡುವ ಕೀಗೊಂಚಲಿಗೆ. ಕಾರಿನ ಕೀ ಒಂದೇ. ಅದರ ಜೊತೆಗೆ ಮನೆಯದು, ಬೀರುವಿನದು, ಬೈಕಿನದು, ಬೋರ್‌ವೆಲ್ ಸ್ಟಾರ್ಟರ್ ಪೆಟ್ಟಿಗೆಯದು, ಮೇಲೊಂದು ಹಿತ್ತಾಳೆ ಗಣಪ. ತೋಟದ ದಾರಿಯಲ್ಲಿ ಗಾಡಿ ಕುಲುಕಿದಾಗಲೆಲ್ಲ ಆ ಗೊಂಚಲು ಇಗ್ನಿಷನ್ ಸ್ವಿಚ್ಚನ್ನು ಜಗ್ಗುತ್ತದೆ. ಆ ಸದ್ದು ಕೇಳುತ್ತ ನನಗೆ ನೆಮ್ಮದಿಯಾಗಿ ಕೂರಲು ಆಗುವುದಿಲ್ಲ.

ಅಮೆರಿಕದ ಜನರಲ್ ಮೋಟರ್ಸ್ 2014ರಲ್ಲಿ ಶೆವ್ರೊಲೆ ಕೋಬಾಲ್ಟ್ ಮೊದಲಾದ ಸುಮಾರು 26 ಲಕ್ಷ ಕಾರುಗಳನ್ನು ವಾಪಸು ಕರೆಸಿತು. ಕೀಯನ್ನು ಆನ್ ಜಾಗದಲ್ಲಿ ಹಿಡಿದಿಡುವ ಪುಟ್ಟ ಸ್ಪ್ರಿಂಗಿಗೆ ಬಲ ಸಾಲದಾಗಿತ್ತು. ಗೊಂಚಲಿನ ಭಾರಕ್ಕೋ ರಸ್ತೆಯ ಹೊಡೆತಕ್ಕೋ ಕೀ ಹಿಂದಕ್ಕೆ ಜಾರಿ ಓಡುತ್ತಿದ್ದ ಕಾರಿನ ಎಂಜಿನ್ ನಿಲ್ಲುತ್ತಿತ್ತು. ಡಿಕ್ಕಿಯಾದರೆ ಏರ್‌ಬ್ಯಾಗೂ ಬಿಚ್ಚಿಕೊಳ್ಳುತ್ತಿರಲಿಲ್ಲ. ಪರಿಹಾರ ನಿಧಿ ಒಪ್ಪಿಕೊಂಡ ಸಾವುಗಳೇ 124. ನಮ್ಮ ಕಾರಿನಲ್ಲಿ ಆ ದೋಷ ಇಲ್ಲದಿರಬಹುದು. ಆದರೂ ಸ್ವಿಚ್ಚಿಗೆ ಬೇಡದ ಭಾರ ಯಾಕೆ? ಕಾರಿನ ಕೀ ಒಂಟಿಯಾಗಿರಲಿ, ಉಳಿದವು ಜೇಬಿನಲ್ಲಿರಲಿ.

ಅಲ್ಲಿ ಕೀ ತಾನಾಗಿ ಜಾರಿತು. ನಮ್ಮಲ್ಲಿ ಕೆಲವರು ಬೇಕೆಂದೇ ತಿರುಗಿಸುತ್ತಾರೆ. ಜೋಗಿಮಟ್ಟಿಯಿಂದ ದುರ್ಗಕ್ಕೆ ಇಳಿಯುವಾಗ, ಮಾರಿಕಣಿವೆ ನೋಡಿಕೊಂಡು ಹೊಸದುರ್ಗಕ್ಕೆ ವಾಪಸಾಗುವಾಗ, ಇಳಿಜಾರು ಸಿಕ್ಕಿತೆಂದರೆ ನ್ಯೂಟ್ರಲ್‌ಗೆ ಹಾಕಿ ಆಫ್! ಕೇಳಿದರೆ, "ಪೆಟ್ರೋಲ್ ಉಳಿತೈತೆ ಬಿಡಿ ಸಾರ್." ಅದು ಕಾರ್ಬುರೇಟರ್ ಕಾಲದ ಲೆಕ್ಕ. ಈಗಿನ ಇಂಜೆಕ್ಷನ್ ಎಂಜಿನ್, ಗೇರಿನಲ್ಲಿರುವಾಗ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಪೆಟ್ರೋಲನ್ನು ತಾನೇ ನಿಲ್ಲಿಸುತ್ತದೆ. ಗೇರಿನಲ್ಲೇ ಇಳಿದರೆ ಉಳಿತಾಯವೂ ಉಂಟು, ಎಂಜಿನ್ನಿನ ಹಿಡಿತವೂ ಉಂಟು.

ಆಫ್ ಮಾಡಿದರೆ ಏನು ಕಳೆದುಕೊಳ್ಳುತ್ತೇವೆ ಎಂಬುದು ಕಾಲಿಗೇ ತಿಳಿಯಬೇಕು. ಸಮತಟ್ಟಾದ ಕಡೆ ಕಾರು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಆಫ್ ಮಾಡಿ ಬ್ರೇಕ್ ಒತ್ತಿ ನೋಡಿ. ಮೊದಲ ಸಲ ಪೆಡಲ್ ಮೆತ್ತಗೆ ಇಳಿಯುತ್ತದೆ. ಎರಡನೆಯ ಸಲಕ್ಕೆ, ಮೂರನೆಯ ಸಲಕ್ಕೆ ಬಿಗಿಯಾಗುತ್ತದೆ. ಆಮೇಲೆ ಬಂಡೆ ತುಳಿದಂತೆ. ಎಂಜಿನ್ ನಿಂತ ಮೇಲೆ ಬ್ರೇಕಿಗೆ ಉಳಿಯುವ ನೆರವು ಅಷ್ಟೇ. ಪವರ್ ಸ್ಟೇರಿಂಗೂ ಭಾರವಾಗುತ್ತದೆ. ಲಾಕ್‌ವರೆಗೆ ತಿರುಗಿಸಿ ಕೀ ಕಿತ್ತುಕೊಂಡರಂತೂ ಸ್ಟೇರಿಂಗ್ ಲಾಕ್ ಬಿದ್ದು ಚಕ್ರ ತಿರುಗುವುದೇ ಇಲ್ಲ. ಓಡುವಾಗ ಎಂಜಿನ್ ತಾನಾಗಿ ನಿಂತರೆ ಕೀಯನ್ನು ತೆಗೆಯಬೇಡಿ. ಬ್ರೇಕನ್ನು ಮತ್ತೆ ಮತ್ತೆ ಒತ್ತದೆ ಒಂದೇ ಸಮ ಒತ್ತಿಹಿಡಿದು, ಗಾಡಿಯನ್ನು ಪಕ್ಕಕ್ಕೆ ತನ್ನಿ.

ನಿಂತ ಕಾರಿನಲ್ಲೂ ಕೀ ಬಿಟ್ಟು ಇಳಿಯುವುದು ನನಗೆ ಸರಿಬೀಳದು. ಹಿರಿಯೂರಿನ ಬಿಸಿಲಿಗೆ ಎಸಿ ಆರದಿರಲಿ ಎಂದು ಎಂಜಿನ್ ಓಡಿಸಿಯೇ, ಮಕ್ಕಳನ್ನು ಒಳಗೆ ಬಿಟ್ಟು ಹೆದ್ದಾರಿ ಬದಿಯಲ್ಲಿ ಟೀ ಕುಡಿಯಲು ಹೋಗುವವರಿದ್ದಾರೆ. ಮಗು ಗೇರ್ ಎಳೆಯಬಹುದು, ಪವರ್ ವಿಂಡೋ ಒತ್ತಿ ಕುತ್ತಿಗೆ ಸಿಕ್ಕಿಸಿಕೊಳ್ಳಬಹುದು. ಸೀಟಿನಲ್ಲಿ ಲೈಸೆನ್ಸ್ ಇದ್ದವರಿಲ್ಲದಿದ್ದರೆ ಎಂಜಿನ್ ನಿಲ್ಲಿಸಿ ಬ್ರೇಕ್ ಹಾಕಿರಬೇಕು, ಇಲ್ಲವೇ ಗಾಡಿ ತಾನಾಗಿ ಚಲಿಸದಂತೆ ಬೇರೆ ವ್ಯವಸ್ಥೆ ಮಾಡಿರಬೇಕು ಎಂದು 1988ರ ಮೋಟಾರು ವಾಹನ ಕಾಯ್ದೆಯ 126ನೇ ಕಲಮೇ ಹೇಳುತ್ತದೆ. ಟೀ ಎರಡು ನಿಮಿಷದ್ದೇ ಇರಲಿ, ಎಂಜಿನ್ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಕೀ ಕೈಯಲ್ಲಿ ಹಿಡಿದೇ ಇಳಿಯಿರಿ; ಮಕ್ಕಳನ್ನೂ ಜೊತೆಗೇ ಇಳಿಸಿಕೊಳ್ಳಿ.