ಗಣಿತದ ನಿಧಿಶೋಧ

ಗಣಿತದ ಅವಧಿ ಬಂತೆಂದರೆ ಹಿಂದಿನ ಬೆಂಚಿನವರಿಗೆ ತಲೆನೋವು ಬರುವುದು ವಾಡಿಕೆ. ಅಂದು ಮಾತ್ರ ಆ ಹಳ್ಳಿಯ ಪ್ರೌಢಶಾಲೆಯಲ್ಲಿ ಬೆಂಚುಗಳೆಲ್ಲ ಬರಿದಾಗಿದ್ದವು. ಒಂಬತ್ತನೆಯ ತರಗತಿಯ ಮಕ್ಕಳು ನಾಲ್ಕು ತಂಡಗಳಾಗಿ ಅಂಗಳದಲ್ಲಿ ನೆರೆದಿದ್ದರು. ತಂಡಕ್ಕೊಂದರಂತೆ ಶಿಕ್ಷಕರ ಫೋನು. ಬೇವಿನ ಮರ, ನೀರಿನ ತೊಟ್ಟಿ, ಗ್ರಂಥಾಲಯದ ಬಾಗಿಲು, ಎಲ್ಲೆಡೆಯೂ ಒಂದೊಂದು ಸಂಖ್ಯೆ. ಅದರ ಕೆಳಗೆ ಕಪ್ಪು ಬಿಳುಪಿನ ಒಂದು ಕ್ಯೂಆರ್ ಕೋಡು. ಲೆಕ್ಕದ ಉತ್ತರವೇ ಮುಂದಿನ ತಾಣದ ಸಂಖ್ಯೆ.

ಇದು ಎರಡನೆಯ ಪ್ರಯತ್ನ. ಗಣಿತದ ಶಿಕ್ಷಕಿ ಮೊದಲ ಸಲ ಈ ಆಟವನ್ನು ಏರ್ಪಡಿಸಿದಾಗ ಗದ್ದಲವೇನೋ ಆಯಿತು, ಗಣಿತವಾಗಲಿಲ್ಲ. ತಂಡದಲ್ಲಿ ಒಬ್ಬ ಜಾಣ ಲೆಕ್ಕ ಬಿಡಿಸಿದ. ಉಳಿದವರು ಅವನ ಬೆನ್ನ ಹಿಂದೆ ಓಡಿದರು. ಆದುದರಿಂದ ಈ ಸಲ ಅವರು ಒಂದೊಂದು ತಾಣದಲ್ಲಿ ಒಬ್ಬೊಬ್ಬರೇ ಲೆಕ್ಕ ಬಿಡಿಸಬೇಕೆಂದು ವಿಧಿಸಿದರು. ಅಷ್ಟೇ ಅಲ್ಲ, ತಪ್ಪು ಉತ್ತರಕ್ಕೂ ಒಂದು ಮರವನ್ನು ಗೊತ್ತುಮಾಡಿದ್ದರು.

ಈ ಕೋಡನ್ನು 1994ರಲ್ಲಿ ಜಪಾನಿನ ಡೆನ್ಸೊ ಸಂಸ್ಥೆಯಲ್ಲಿ ಮಸಾಹಿರೊ ಹಾರಾ ಮತ್ತು ಅವರ ಸಂಗಡಿಗರು ರೂಪಿಸಿದರು. ಮೂರು ಮೂಲೆಗಳ ದೊಡ್ಡ ಚೌಕಗಳು ಕ್ಯಾಮರಾಕ್ಕೆ ದಿಕ್ಕು ತೋರುತ್ತವೆ. ಮಸಿ ಬಿದ್ದು ಸ್ವಲ್ಪ ಭಾಗ ಅಳಿಸಿಹೋದರೂ ಓದಬಹುದು. 1960ರಲ್ಲಿ ರೀಡ್ ಮತ್ತು ಸಾಲೊಮನ್ ಎಂಬ ಗಣಿತಜ್ಞರು ಪ್ರಕಟಿಸಿದ ಬೀಜಗಣಿತ ಅದರೊಳಗೆ ಅಡಗಿದೆ. ಚಿಕ್ಕ ವಾಕ್ಯವನ್ನು ಕೋಡಿನೊಳಗೇ ಇಡಬಹುದಾದ್ದರಿಂದ ಅಂತರ್ಜಾಲದ ಹಂಗಿಲ್ಲ. ಹಳ್ಳಿಯ ಶಾಲೆಗೆ ಇದೇನು ಸಣ್ಣ ಅನುಕೂಲವಲ್ಲ.

ಮೊದಲನೆಯ ಪ್ರಶ್ನೆ ಕೋಡನ್ನು ಕುರಿತದ್ದೇ ಆಗಿತ್ತು. ಅತ್ಯಂತ ಚಿಕ್ಕ ಕೋಡಿನ ಒಂದೊಂದು ಬದಿಗೂ ಚೌಕಾಬಾರದ ಮನೆಗಳಂತೆ 21 ಮನೆಗಳು. 21ನ್ನು 20 ಮತ್ತು 1 ಎಂದು ಒಡೆದು ಒಟ್ಟು ಮನೆಗಳನ್ನು ಕಂಡುಹಿಡಿಯಬೇಕು. ಒಂದು ತಂಡದ ಹುಡುಗ 20ರ ವರ್ಗ 400, 1ರ ವರ್ಗ 1 ಎಂದು ಕೂಡಿಸಿ, 401 ಎಂದು ಕೂಗಿದ. ತಂಡ ಬೇವಿನ ಮರಕ್ಕೆ ಓಡಿತು. ಅಲ್ಲಿ ಫೋನಿನಲ್ಲಿ ಮೂಡಿದ್ದು ಒಂದೇ ಮಾತು: “ಉಳಿದ ಮನೆಗಳೆಲ್ಲಿ?”

ಹುಡುಗರು ಫೋನನ್ನು ಬೈದರು. ಸರದಿ ಈಗ ಒಬ್ಬ ಹುಡುಗಿಯದು. ತರಗತಿಯಲ್ಲಿ ಅವಳು ಎದ್ದು ಉತ್ತರ ಹೇಳಿದ್ದನ್ನು ಯಾರೂ ಕಂಡಿರಲಿಲ್ಲ. ಅವಳು ಬೇವಿನ ಕಡ್ಡಿಯಿಂದ ಮಣ್ಣಿನಲ್ಲಿ ಚೌಕವನ್ನು ಬರೆದು, ಅದರೊಳಗೆ 400ರ ದೊಡ್ಡ ಚೌಕವನ್ನೂ ಮೂಲೆಯಲ್ಲಿ ಒಂದು ಮನೆಯನ್ನೂ ಗುರುತಿಸಿದಳು. ಎರಡು ಬದಿಗಳಲ್ಲಿ ಎರಡು ಕಿರಿದಾದ ಪಟ್ಟಿಗಳು ಉಳಿದವು.

“ಇವೆರಡನ್ನು ನಾವು ಎಣಿಸಲೇ ಇಲ್ಲ,” ಎಂದಳು. “ಇಪ್ಪತ್ತು, ಇನ್ನೊಂದು ಇಪ್ಪತ್ತು.”

ಸೂತ್ರದ ‘2ಎಬಿ’ಯನ್ನು ಅವರೆಲ್ಲರೂ ಬಾಯಿಪಾಠ ಮಾಡಿದ್ದರು. ಅದು ನೆಲದ ಮೇಲೆ ಎರಡು ಪಟ್ಟಿಗಳಾಗಿ ಮಲಗಿರುವುದನ್ನು ಕಂಡದ್ದು ಅಂದೇ. 441 ನೀರಿನ ತೊಟ್ಟಿಯ ಮೇಲಿತ್ತು.

ಆ ತಂಡ ಎಲ್ಲರಿಗಿಂತ ಕೊನೆಗೆ ಬಂದಿತು. ನಿಧಿಯೆಂದು ಇರಿಸಿದ್ದ ಕಡಲೆಮಿಠಾಯಿ ಅಷ್ಟರಲ್ಲಿ ಗೆದ್ದವರ ಕೈಸೇರಿತ್ತು. ಇದಕ್ಕಿಂತ ಒಂದು ಮೆಟ್ಟಿಲು ದೊಡ್ಡ ಕೋಡಿನ ಬದಿಗೆ 25 ಮನೆಗಳೆಂದು ಶಿಕ್ಷಕಿ ಮಾತಿನ ನಡುವೆ ಹೇಳಿದರು. ಗಂಟೆ ಬಾರಿಸಿ ಮಕ್ಕಳೆಲ್ಲ ಒಳಗೆ ಹೋದರೂ ಆ ಹುಡುಗಿ ಬೇವಿನ ಬುಡದಲ್ಲಿ ಕುಳಿತೇ ಇದ್ದಳು. ಈ ಸಲ ಅವಳ ಪಟ್ಟಿಗಳು ಐದೈದು ಮನೆಗಳಷ್ಟು ಅಗಲವಾಗಿದ್ದವು.