ಅನ್ನಪಾನನಿರೋಧವೂ ವೃದ್ಧಾಶ್ರಮದ ಭೇಟಿಯೂ

ವೃದ್ಧರಾದ ಬಂಧುಗಳನ್ನು ಆಶ್ರಯಧಾಮಗಳಲ್ಲಿ ಇರಿಸುವುದು ಧರ್ಮಸಮ್ಮತವೇ ಅಲ್ಲವೇ ಎಂಬ ಚರ್ಚೆ ನಮ್ಮ ಸಮಾಜದಲ್ಲಿ ಆಗಾಗ ನಡೆಯುತ್ತದೆ. ಸಭೆಗಳಲ್ಲಿ ಈ ಪ್ರಶ್ನೆ ಎದ್ದಾಗಲೆಲ್ಲ ಒಂದು ಪಕ್ಷದವರು ಹಿಂದಿನ ಅವಿಭಕ್ತ ಕುಟುಂಬವನ್ನು ನೆನೆದು ಮರುಗುವರು. ಇನ್ನೊಂದು ಪಕ್ಷದವರು ಇಂದಿನ ಜೀವನದ ಅನಿವಾರ್ಯತೆಯನ್ನು ವಿವರಿಸುವರು. ಚರ್ಚೆ ಅಲ್ಲಿಗೇ ನಿಲ್ಲುತ್ತದೆ. ಆದರೆ ಹಾಗೆ ಇರಿಸಿಯಾದ ಮೇಲೆ ಮನೆಯವರ ಕರ್ತವ್ಯವೇನು? ಭೇಟಿಗೆಂದು ಹೋದ ಶ್ರಾವಕನು ಅಲ್ಲಿ ಏನನ್ನು ನೋಡಬೇಕು, ಏನನ್ನು ವಿಚಾರಿಸಬೇಕು? ಈ ಪ್ರಶ್ನೆಯನ್ನು ಎತ್ತಿದವರು ವಿರಳ. ಪ್ರಸ್ತುತ ಲೇಖನದ ವಿಷಯ ಇದೇ ಆಗಿದೆ.

ನಮ್ಮ ಚಿಕ್ಕಮ್ಮನವರಿಗೆ ಈಗ 84 ವರ್ಷ. ಅವರಿಗೆ ಮಕ್ಕಳಿಲ್ಲ, ಚಿಕ್ಕಪ್ಪನವರು ತೀರಿಕೊಂಡು ಬಹಳ ಕಾಲವಾಯಿತು. ಸೊಂಟದ ಮೂಳೆ ಮುರಿದ ಬಳಿಕ ಹಗಲಿರುಳೂ ಇಬ್ಬರ ಆಸರೆ ಬೇಕಾಯಿತು. ಆದುದರಿಂದ ಅವರ ಸಮ್ಮತಿಯನ್ನು ಪಡೆದೇ ಸಮೀಪದ ನಗರದ ಒಂದು ಆಶ್ರಯಧಾಮಕ್ಕೆ ಸೇರಿಸಿದೆವು. ನಾವು ಮೂವರು ಸಹೋದರರು ತಿಂಗಳ ವೆಚ್ಚವನ್ನು ಸಮನಾಗಿ ಹಂಚಿಕೊಂಡಿದ್ದೇವೆ. ಹಣವನ್ನು ಮೂರು ಪಾಲು ಮಾಡಿ ಖಾತೆಗೆ ಬರೆಯುವುದು ಸುಲಭ. ಆದರೆ ಭೇಟಿಯನ್ನು ಹಾಗೆ ಖಾತೆಗೆ ಹಾಕಲು ಬರುವುದಿಲ್ಲ. ಹಣ ಕಳುಹಿಸಿದವನ ಪರವಾಗಿ ಇನ್ನೊಬ್ಬನು ಹೋಗಿ ಕುಳಿತುಕೊಂಡರೆ ಅದು ಆ ಇನ್ನೊಬ್ಬನ ಭೇಟಿಯೇ ಆಗುತ್ತದೆ.

ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಕೇಂದ್ರ ಶಾಸನವೊಂದು ಬಂದಿತು. ಮಕ್ಕಳು ಪೋಷಿಸಬೇಕೆಂದೂ, ಮಕ್ಕಳಿಲ್ಲದವರನ್ನು ಅವರ ಆಸ್ತಿಗೆ ಹಕ್ಕುದಾರರಾದ ಬಂಧುಗಳು ಪೋಷಿಸಬೇಕೆಂದೂ ಅದು ವಿಧಿಸುತ್ತದೆ. ಹಿರಿಯರನ್ನು ಎಲ್ಲಿಯೋ ತೊರೆದು ಹೋದವರಿಗೆ ಶಿಕ್ಷೆಯನ್ನೂ ಹೇಳುತ್ತದೆ. ಪೋಷಣೆಯ ಮೊತ್ತವನ್ನು ನ್ಯಾಯಮಂಡಳಿ ನಿರ್ಣಯಿಸಬಲ್ಲುದು. ಆದರೆ ಮಂಚದ ಬಳಿ ಅರ್ಧ ಗಂಟೆ ಕುಳಿತಿರೆಂದು ಯಾವ ಮಂಡಳಿಯೂ ಆಜ್ಞಾಪಿಸಲಾರದು. ಅದು ವ್ರತದ ಕ್ಷೇತ್ರ.

ವ್ರತದ ಮಾತು ಬಂದಾಗ ನಾವು ಸಾಮಾನ್ಯವಾಗಿ ವೈಯಾವೃತ್ತ್ಯವನ್ನು ನೆನೆಯುತ್ತೇವೆ. ಅದು ಆರು ಅಭ್ಯಂತರ ತಪಸ್ಸುಗಳಲ್ಲಿ ಒಂದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅದನ್ನು ಶಿಕ್ಷಾವ್ರತಗಳ ಸಾಲಿನಲ್ಲಿಯೇ ಇರಿಸಿದ್ದಾರೆ. ಆದರೆ ಅಲ್ಲಿ ಉದ್ದಿಷ್ಟರಾದವರು ಸಂಯಮಿಗಳು. ಅದನ್ನು ಎಳೆದು ತಂದು ಎಲ್ಲ ವೃದ್ಧರಿಗೂ ಹೊಂದಿಸುವುದು ಶಾಸ್ತ್ರದೃಷ್ಟಿಯಿಂದ ಪೂರ್ತಿ ಸರಿಯೆನಿಸದು. ನಮ್ಮ ಪ್ರಸಂಗಕ್ಕೆ ಹೆಚ್ಚು ಹತ್ತಿರವಾದುದು, ಉಮಾಸ್ವಾತಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹೇಳಿರುವ ಅಹಿಂಸಾಣುವ್ರತದ ಐದು ಅತಿಚಾರಗಳು: ಕಟ್ಟಿಹಾಕುವುದು, ಹೊಡೆಯುವುದು, ಅಂಗಚ್ಛೇದ ಮಾಡುವುದು, ಮಿತಿಮೀರಿ ಹೊರೆ ಹೊರಿಸುವುದು, ಅನ್ನಪಾನಗಳನ್ನು ತಡೆಯುವುದು. ದನಕರುಗಳ, ಆಳುಕಾಳುಗಳ ವಿಷಯದಲ್ಲಿ ಇವನ್ನು ಉದಾಹರಿಸುವುದು ರೂಢಿ. ನಮ್ಮ ಅಧೀನದಲ್ಲಿರುವ ಎಲ್ಲ ಜೀವಿಗಳಿಗೂ ಇವು ಅನ್ವಯಿಸುವುವೆಂಬುದನ್ನು ನಾನು ಆಶ್ರಯಧಾಮದಲ್ಲಿ ಕಣ್ಣಾರೆ ಕಂಡೆನು.

ಆ ಸಂಸ್ಥೆಯಲ್ಲಿ ಭೇಟಿಗೆ ಬರುವವರಲ್ಲಿ ಬಹುಮಂದಿ ಭಾನುವಾರ ಬೆಳಿಗ್ಗೆ 11 ಗಂಟೆಗೆ ಬರುತ್ತಾರೆ. ಆಗ ಹಾಸಿಗೆಗಳು ಶುಭ್ರವಾಗಿರುತ್ತವೆ, ಊಟ ಬಿಸಿಯಾಗಿರುತ್ತದೆ. ವ್ಯಾಪಾರಿಯಾದ ನನಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಮೊದಲೇ ದಿನ ತಿಳಿಸಿ ದಾಸ್ತಾನು ನೋಡಲು ಬಂದವನಿಗೆ ಯಾವ ಗೋದಾಮೂ ಅಚ್ಚುಕಟ್ಟಾಗಿಯೇ ಕಾಣುವುದು. ಆದುದರಿಂದ ನಮ್ಮ ಮನೆಯಲ್ಲಿ ಒಂದು ನಿಯಮ ಮಾಡಿಕೊಂಡೆವು: ಮೂವರೂ ಬೇರೆ ಬೇರೆ ವಾರಗಳಲ್ಲಿ, ಬೇರೆ ಬೇರೆ ಹೊತ್ತಿನಲ್ಲಿ ಹೋಗತಕ್ಕದ್ದು. ನನ್ನ ಪಾಲಿಗೆ ಬಂದುದು ಸಂಜೆಯ ಹೊತ್ತು.

ಚಿಕ್ಕಮ್ಮನವರಿಗೆ ಮದುವೆಯಾದಂದಿನಿಂದ ರಾತ್ರಿಭೋಜನತ್ಯಾಗವಿದೆ. ಸಂಸ್ಥೆಯಲ್ಲಿ ರಾತ್ರಿಯ ಊಟ ಬಡಿಸುವುದು 8 ಗಂಟೆಗೆ. ನಮ್ಮ ನಾಡಿನಲ್ಲಿ ಡಿಸೆಂಬರಿನಲ್ಲಿ 6 ಗಂಟೆಯ ಸುಮಾರಿಗೆ, ಜುಲೈಯಲ್ಲಿ 7ರ ಸಮೀಪಕ್ಕೆ ಸೂರ್ಯಾಸ್ತವಾಗುವುದು. ಕಟ್ಟುನಿಟ್ಟಾಗಿ ಪಾಲಿಸುವವರು ಅದಕ್ಕೂ ಒಂದು ಮುಹೂರ್ತ, ಎಂದರೆ 48 ನಿಮಿಷ, ಮುಂಚೆಯೇ ಊಟ ಮುಗಿಸುವರು. ಅವರು ಮಧ್ಯಾಹ್ನ ಉಂಡು ಮರುದಿನ ಬೆಳಗಿನವರೆಗೆ ಬರಿಹೊಟ್ಟೆಯಲ್ಲಿರುತ್ತಿದ್ದರೆಂಬ ಸಂಗತಿಯನ್ನು ನನಗೆ ತಿಳಿಸಿದವರು ಪಕ್ಕದ ಮಂಚದ ವೃದ್ಧೆ. ಸಂಸ್ಥೆಯ ಪುಸ್ತಕದಲ್ಲಿ ಮಾತ್ರ ಪ್ರತಿ ರಾತ್ರಿಯೂ ‘ಊಟ ನಿರಾಕರಿಸಿದರು’ ಎಂದು ಬರೆದಿತ್ತು. ಲೆಕ್ಕ ಸರಿಯಾಗಿತ್ತು, ಸತ್ಯ ಬೇರೆ ಇತ್ತು. ಉಣ್ಣಲಾಗದ ಹೊತ್ತಿನಲ್ಲಿ ಅನ್ನವನ್ನು ಮುಂದಿಡುವುದೂ ಅನ್ನಪಾನನಿರೋಧವೇ ಅಲ್ಲವೇ?

ಸಂಗತಿ ಅಷ್ಟಕ್ಕೇ ನಿಲ್ಲಲಿಲ್ಲ. ಅವರಿಗೆ ಸಕ್ಕರೆ ಕಾಯಿಲೆಯಿದೆ. ಆ ಕಾಯಿಲೆಯ ಕೆಲವು ಮಾತ್ರೆಗಳನ್ನು ಸೇವಿಸಿ ಆಹಾರ ಬಿಟ್ಟರೆ ರಕ್ತದ ಸಕ್ಕರೆಯ ಪ್ರಮಾಣ ಅಪಾಯಕರವಾಗಿ ಇಳಿಯಬಲ್ಲುದು. ಮನೆಯ ಕಿರಿಯರು, “ಈ ವಯಸ್ಸಿನಲ್ಲಿ ವ್ರತವೇಕೆ? ಬಿಡಿಸಿಬಿಡೋಣ” ಎಂದರು. ಅವರ ಕಾಳಜಿ ಸಹಜವೇ. ಆದರೆ ವ್ರತ ತೊಟ್ಟವರನ್ನು ಕೇಳದೆ ವ್ರತ ಬಿಡಿಸಲು ನಾವು ಯಾರು? ನಾನು ಅವರನ್ನೇ ಕೇಳಿದೆನು:

“ಚಿಕ್ಕಮ್ಮ, ಡಾಕ್ಟರು ಹೇಳಿದರೆ ರಾತ್ರಿ ಒಂದು ಲೋಟ ಹಾಲಾದರೂ ತೆಗೆದುಕೊಳ್ಳುತ್ತೀರಾ?”

“ವ್ರತ ನನಗೇನೂ ಭಾರವಾಗಿಲ್ಲಪ್ಪ. ಹೊತ್ತು ಮುಳುಗೋದಕ್ಕೆ ಮುಂಚೆ ಕೊಟ್ಟರೆ ಉಣ್ಣುತ್ತೇನೆ. ಅವರಿಗೂ ಕೆಲಸ ಜಾಸ್ತಿ, ಕೇಳೋಕೆ ಸಂಕೋಚ.”

ಹಸಿವಿಗೆ ಕಾರಣ ವ್ರತವಾಗಿರಲಿಲ್ಲ, ಸಂಕೋಚವಾಗಿತ್ತು. ಸಂಸ್ಥೆಯ ವ್ಯವಸ್ಥಾಪಕರೊಡನೆ ಮಾತನಾಡಿದಾಗ ಅವರು ವಿರೋಧಿಸಲಿಲ್ಲ. ಅಡಿಗೆಯವರು ಸಂಜೆ 6ಕ್ಕೆ ಒಲೆ ಹಚ್ಚುವುದರಿಂದ ಬೇಗ ಕೊಡುವುದು ಕಷ್ಟವೆಂದರು. ಮಧ್ಯಾಹ್ನವೇ ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆಗಳಿಲ್ಲದ ಪಲ್ಯ ಮತ್ತು ಚಪಾತಿಯನ್ನು ತೆಗೆದಿರಿಸಿ 5 ಗಂಟೆಗೆ ಕೊಡುವುದೆಂದು ಗೊತ್ತಾಯಿತು. ಮಾತ್ರೆಯ ಹೊತ್ತನ್ನು ನಾವು ನಾವೇ ಬದಲಿಸದೆ ವೈದ್ಯರಿಂದ ಬರೆಸಿಕೊಂಡೆವು. ಎರಡು ತಿಂಗಳಲ್ಲಿ ಚಿಕ್ಕಮ್ಮನವರ ತೂಕ ಮೊದಲಿನಂತಾಯಿತು.

ಉಳಿದ ಅತಿಚಾರಗಳನ್ನೂ ಇದೇ ಕಣ್ಣಿನಿಂದ ನೋಡಬಹುದು. ಒಮ್ಮೆ ಅಲ್ಲಿ ಒಬ್ಬ ವೃದ್ಧರನ್ನು ಮೆದು ಬಟ್ಟೆಯಿಂದ ಕುರ್ಚಿಗೆ ಕಟ್ಟಿ ಕೂರಿಸಿದುದನ್ನು ಕಂಡೆನು. ಎದ್ದರೆ ಬೀಳುವರೆಂದು ಆಯಾ ಹೇಳಿದಳು. ಅವಳು ಕ್ರೂರಿಯಲ್ಲ, ಆ ಅಂತಸ್ತಿನ ಹನ್ನೆರಡು ಮಂದಿಗೆ ಅವಳೊಬ್ಬಳೇ ಇದ್ದಳು. ಇಲ್ಲಿ ಎರಡು ಅತಿಚಾರಗಳು ಒಂದಕ್ಕೊಂದು ಹೆಣೆದುಕೊಂಡಿರುವುದನ್ನು ವಾಚಕರು ಗಮನಿಸಬೇಕು. ಒಬ್ಬಳ ಮೇಲೆ ಮಿತಿಮೀರಿದ ಹೊರೆ ಬಿದ್ದುದರಿಂದ ಇನ್ನೊಬ್ಬರಿಗೆ ಕಟ್ಟು ಬಿದ್ದಿತು. ಭೇಟಿಗೆ ಬಂದವರು ಆಯಾಳನ್ನು ಗದರಿಸಿದರೆ ಹೊರೆ ಇನ್ನಷ್ಟು ಹೆಚ್ಚುವುದೇ ಹೊರತು ಕಟ್ಟು ಸಡಿಲವಾಗದು. ಈ ಕಟ್ಟು ಯಾರ ಆದೇಶ, ಎಷ್ಟು ಹೊತ್ತು, ವೈದ್ಯರು ಬರೆದಿರುವರೇ ಎಂದು ಆಡಳಿತದವರನ್ನು ವಿನಯದಿಂದ, ಆದರೆ ಉತ್ತರ ಬರುವವರೆಗೆ ಬಿಡದೆ ಕೇಳಬೇಕು.

ಮಾತಿನಲ್ಲಿಯೂ ಪೆಟ್ಟು ಇದೆ. “ನಾನು ಯಾರು ಹೇಳಿ ನೋಡೋಣ” ಎಂದು ಮರೆವಿನ ರೋಗವುಳ್ಳವರನ್ನು ಮಕ್ಕಳ ಮುಂದೆ ಪರೀಕ್ಷಿಸುವುದು ಅಂಥದೊಂದು ಪೆಟ್ಟು. ನಮ್ಮ ಹೆಸರನ್ನು ನಾವೇ ಹೇಳಿ, ಅವರ ಕಣ್ಣಿನ ಎತ್ತರಕ್ಕೆ ಕುಳಿತು, ಅವರು ಆಡಿದುದನ್ನು ತಿದ್ದದೆ ಕೇಳುವುದು ಲೇಸು. ಬಂಧುಗಳ ಹೆಸರನ್ನು ಮರೆತವರು ಣಮೋಕಾರ ಮಂತ್ರಕ್ಕೆ ದನಿಗೂಡಿಸುವುದನ್ನು ನಾನು ಕಂಡಿದ್ದೇನೆ. ಮಾತು ಸಾಗದ ದಿನ ಜೊತೆಗೂಡಿ ಜಪ ಮಾಡಿದರೂ ಅದು ಪೂರ್ಣ ಭೇಟಿಯೇ.

ಕೊನೆಯದಾಗಿ ಬಸದಿಗಳ ಟ್ರಸ್ಟುಗಳಲ್ಲಿ ಒಂದು ವಿಜ್ಞಾಪನೆ. 2011ರ ಜನಗಣತಿಯ ಪ್ರಕಾರವೇ ಈ ದೇಶದಲ್ಲಿ 60 ವರ್ಷ ದಾಟಿದವರು ಸುಮಾರು 10.4 ಕೋಟಿ, ಅವರಲ್ಲಿ ನಮ್ಮವರೂ ಇದ್ದಾರೆ. ತಮ್ಮ ಊರಿನ ಆಶ್ರಯಧಾಮಗಳಲ್ಲಿ ವ್ರತಧಾರಿಗಳಾದ ಹಿರಿಯರು ಎಷ್ಟು ಮಂದಿ ಇದ್ದಾರೆಂಬ ಪಟ್ಟಿಯನ್ನು ಪ್ರತಿಯೊಂದು ಟ್ರಸ್ಟೂ ಸಿದ್ಧಪಡಿಸಲಿ. ಜೈನ ಬೋರ್ಡಿಂಗ್ ಇರುವ ಊರುಗಳಲ್ಲಿ ವಿದ್ಯಾರ್ಥಿಗಳಿಗೆ ಸೂರ್ಯಾಸ್ತದ ಮುಂಚೆ ಅಡಿಗೆ ಹೇಗೂ ಆಗುತ್ತದೆ. ಅದರಲ್ಲಿಯೇ ನಾಲ್ಕು ಡಬ್ಬಿ ತುಂಬಿ ಕಳುಹಿಸಲು ದೊಡ್ಡ ದತ್ತಿ ಬೇಕಾಗಿಲ್ಲ. ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಒಂದು ದಿನವಾದರೂ ವಾಹನ ಕಳುಹಿಸಿ ಅವರಿಗೆ ದರ್ಶನ ಮಾಡಿಸಲಿ. ಬಸದಿಯ ಮೆಟ್ಟಿಲ ಪಕ್ಕದಲ್ಲಿ ಗಾಲಿಕುರ್ಚಿ ಏರುವಂತೆ ಒಂದು ಇಳಿಜಾರು ಕಟ್ಟಿಸಲಿ. ಶಿಲಾಫಲಕದಲ್ಲಿ ದಾನಿಗಳ ಹೆಸರನ್ನು ಕೆತ್ತಿಸುವುದಾದರೆ ಆ ಇಳಿಜಾರಿನ ಪಕ್ಕದಲ್ಲಿ ಕೆತ್ತಿಸಲಿ. ಅದನ್ನು ಏರಿ ಬಂದವರು ನಿಧಾನವಾಗಿ ಓದುವರು.