ಕುಂಭಕರ್ಣನ ತಪ್ಪೇನು?

ನಿದ್ರೆಯ ವಿಷಯದಲ್ಲಿ ನಾವು ಬಹುಕಾಲ ಗರ್ವದಿಂದಿದ್ದೆವೆಂಬುದನ್ನು ವಾಚಕಮಹಾಶಯರಲ್ಲಿ ಮೊದಲೇ ಒಪ್ಪಿಕೊಳ್ಳುತ್ತೇವೆ. ಜಡೆಯಲ್ಲಿ ಕೋಳಿ ಕೂಗುವುದಕ್ಕೆ ಮುಂಚೆಯೇ ನಮ್ಮ ಸ್ನಾನವಾಗಿರುತ್ತದೆ. ಇದನ್ನು ಸಂಸ್ಕೃತಾಭ್ಯಾಸದಿಂದ ಬಂದ ಶೀಲವೆಂದೆಣಿಸಿ ಮೂವತ್ತು ವರ್ಷ ಮಕ್ಕಳಿಗೆ ಬೋಧಿಸಿದೆವು. ರಾತ್ರಿ ಎಂಟೂವರೆಗೆ ಊಟದ ಮಣೆಯ ಮೇಲೆಯೇ ತೂಕಡಿಸುತ್ತಿದ್ದುದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ನಮ್ಮ ತಂದೆಯವರೂ ಹಾಗೆಯೇ ತೂಕಡಿಸುತ್ತಿದ್ದರು.

ತರಗತಿಯಲ್ಲಿ ಒಬ್ಬ ಹುಡುಗನಿದ್ದನು. ಬೆಳಗಿನ ಮೊದಲ ಪಾಠದಲ್ಲಿ ಶಬ್ದರೂಪಗಳನ್ನು ಒಪ್ಪಿಸುತ್ತಿರುವಾಗಲೇ ಅವನ ಕಣ್ಣು ಮುಚ್ಚಿಹೋಗುತ್ತಿತ್ತು. ಮಧ್ಯಾಹ್ನದ ಮೇಲೆ ಅವನಷ್ಟು ಚುರುಕಾದವನು ಮತ್ತೊಬ್ಬನಿರಲಿಲ್ಲ. ಈ ಎರಡನೆಯದನ್ನು ನಾವು ಲಕ್ಷಿಸಲಿಲ್ಲ; ಮೊದಲನೆಯದಕ್ಕಾಗಿ ಬೆಂಚಿನ ಮೇಲೆ ನಿಲ್ಲಿಸಿ 'ಕುಂಭಕರ್ಣ' ಎಂದೆವು. ಮಕ್ಕಳೆಲ್ಲ ನಕ್ಕರು. ಶಾಲೆ ಬಿಡುವತನಕ ಆ ಹೆಸರು ಅವನನ್ನು ಬಿಡಲಿಲ್ಲ.

ನಮ್ಮ ಕಣ್ಣು ತೆರೆಸಿದವಳು ಕಿರಿಯ ಮಗಳು. ಅವಳು ಸೋದರಮಾವಂದಿರಂತೆ ನಡುರಾತ್ರಿಯವರೆಗೆ ಓದಿ ಬೆಳಿಗ್ಗೆ ಮಂಕಾಗಿರುವವಳು. ಒಂದು ದಿನ ಗದರಿಸಿದಾಗ, "ಅಪ್ಪಯ್ಯ, ರಾತ್ರಿ ಎಂಟೂವರೆಗೆ ನೀವು ತೂಕಡಿಸಿದರೆ ಶೀಲ, ಬೆಳಿಗ್ಗೆ ಎಂಟೂವರೆಗೆ ನಾನು ತೂಕಡಿಸಿದರೆ ಸೋಮಾರಿತನವೊ?" ಎಂದು ಕೇಳಿಬಿಟ್ಟಳು. ಉತ್ತರ ಹೊಳೆಯದೆ, ಅವಳು ತಂದುಕೊಟ್ಟುದನ್ನೆಲ್ಲ ಓದಿದೆವು.

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಸಂಶೋಧನಾ ಕೇಂದ್ರದಲ್ಲಿ ಹಣ್ಣಿನ ನೊಣಗಳನ್ನು ಪರೀಕ್ಷಿಸಿದ್ದಾರೆ. ಕೋಶದಿಂದ ಬೆಳಿಗ್ಗೆ ಹೊರಬರುವವುಗಳನ್ನೂ ಸಂಜೆ ಹೊರಬರುವವುಗಳನ್ನೂ ಬೇರೆಬೇರೆಯಾಗಿ ಆರಿಸಿ ಆಯಾ ಗುಂಪಿನಲ್ಲಿಯೇ ಸಂತಾನ ಬೆಳೆಸಿದರು. ಅನೇಕ ತಲೆಮಾರುಗಳಾದ ಮೇಲೆ ಬೆಳಗಿನ ಕುಲದ ಒಳಗಡಿಯಾರವು ಬೇಗನೆಯೂ ಸಂಜೆಯ ಕುಲದ್ದು ನಿಧಾನವಾಗಿಯೂ ಸುತ್ತುವುದು ಕಂಡುಬಂದಿತು. ನೊಣಕ್ಕೆ ಶೀಲವೆಲ್ಲಿಯದು?

ಮನುಷ್ಯರ ಮಾತೂ ಉಂಟು. ೨೦೧೯ರಲ್ಲಿ ಬ್ರಿಟನ್ನಿನ ನಾಲ್ಕೂವರೆ ಲಕ್ಷಕ್ಕೂ ಮಿಕ್ಕ ಜನರ ವಂಶವಾಹಿಗಳನ್ನು ಪರಿಶೀಲಿಸಿದ ವಿದ್ವಾಂಸರಿಗೆ, ಹಗಲಿನ ತೂಕಡಿಕೆಯೊಡನೆ ಸಂಬಂಧವುಳ್ಳ ೪೨ ತಾಣಗಳು ದೊರೆತವು. ಕೆಲವು ಹೆಚ್ಚು ನಿದ್ರೆಯನ್ನು ಬೇಡುವ ಶರೀರಕ್ಕೆ ಸಂಬಂಧಿಸಿದವು. ಕೆಲವು ರಾತ್ರಿಯ ನಿದ್ರೆ ಒಡೆಯುವ ಶರೀರಕ್ಕೆ. ಒಂದೊಂದರ ಪ್ರಭಾವವೂ ಅತ್ಯಲ್ಪವೆಂಬುದನ್ನು ಮರೆಯತಕ್ಕದ್ದಲ್ಲ.

ಕಫಪ್ರಕೃತಿಯವನು ನಿದ್ರಾಳುವೆಂದು ವಾಗ್ಭಟಾಚಾರ್ಯರು ಹೇಳಿರುವುದನ್ನು ನಾವು ಓದಿದವರೇ. ಅದೂ ಇದೂ ಒಂದೇ ಎನ್ನುವ ಸಾಹಸ ಬೇಡ. ಆದರೆ ಓದಿದ್ದು ಆ ಬೆಂಚಿನ ಹತ್ತಿರ ನೆನಪಿಗೆ ಬರಲಿಲ್ಲವಲ್ಲ!

ತೂಕಡಿಕೆಯೆಲ್ಲ ಹುಟ್ಟಿನಿಂದ ಬಂದುದಲ್ಲ. ಗೊರಕೆಯ ನಡುವೆ ಉಸಿರು ನಿಂತುನಿಂತು ಬರುವವರನ್ನೂ ರಕ್ತಹೀನತೆಯುಳ್ಳವರನ್ನೂ ವೈದ್ಯರಿಗೆ ತೋರಿಸಬೇಕು. ಮೊಬೈಲು ನೋಡುತ್ತ ಕುಳಿತುದನ್ನು ವಂಶವಾಹಿಯ ತಲೆಗೆ ಕಟ್ಟಬಾರದೆಂದು ಮಗಳಿಗೂ ಹೇಳಿದ್ದೇವೆ.

ಕಳೆದ ಶ್ರಾವಣದಲ್ಲಿ ಆನವಟ್ಟಿಯ ಬಸ್ ನಿಲ್ದಾಣದಲ್ಲಿ ಆ ಹುಡುಗನನ್ನು ಕಂಡೆವು. ಮೀಸೆಯೂ ನರೆತಿತ್ತು. "ರಾತ್ರಿ ಬಸ್ಸು ಓಡಿಸ್ತೀನಿ ಮೇಷ್ಟ್ರೇ, ಬೆಳಗಾಗೋವರೆಗೂ ತೂಕಡಿಕೆ ಅನ್ನೋದೇ ಇಲ್ಲ. ಗುರುತು ಸಿಗಲಿಲ್ವಾ? ನಿಮ್ಮ ಕುಂಭಕರ್ಣ!" ಎಂದು ನಕ್ಕನು. ನಮಗೆ ನಗು ಬರಲಿಲ್ಲ. ಹೇಳಬೇಕೆಂದಿದ್ದ ಮಾತು ಬಾಯಿಗೆ ಬರುವಷ್ಟರಲ್ಲಿ ನಿರ್ವಾಹಕನು ಸೀಟಿ ಊದಿದನು.